ಅಂಗಳದ ಪಂಕ್ತಿ

ಕನ್ನಡ ಕಲಿಸುವವನ ಮನೆಗೆ ಜನ ಕಾವ್ಯಾರ್ಥವನ್ನು ಕೇಳಲು ಬರುವುದು ಅಪರೂಪ. ಲಗ್ನಪತ್ರಿಕೆಯ ಒಕ್ಕಣೆಯನ್ನು ತಿದ್ದಿಸಿಕೊಳ್ಳಲು ಬರುತ್ತಾರೆ; ಮಗುವಿಗೆ ‘ಕ’ಕಾರದಿಂದ ಮೊದಲಾಗುವ ಹೆಸರು ಬೇಕೆಂದು ಬರುತ್ತಾರೆ; ತೀರಿಹೋದ ಹಿರಿಯರ ಕಲ್ಲಿನ ಮೇಲೆ ಬರೆಸಲು ಎರಡು ಸಾಲು ಬೇಡಿಕೊಂಡು ಬರುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಕಚೇರಿಯ ಕಾಗದವೊಂದನ್ನು ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ. ಕನ್ನಡದಲ್ಲಿಯೇ ಇರುವ ಕಾಗದವನ್ನು ಕನ್ನಡಿಗನೊಬ್ಬನು ಇನ್ನೊಬ್ಬ ಕನ್ನಡಿಗನಿಂದ ಕನ್ನಡಕ್ಕೆ ಅನುವಾದ ಮಾಡಿಸಿಕೊಳ್ಳಬೇಕಾಗಿ ಬಂದಿರುವುದು ನಮ್ಮ ಆಡಳಿತ ಭಾಷೆಯ ಒಂದು ವೈಚಿತ್ರ್ಯ.

ಕಳೆದ ಫಾಲ್ಗುಣದಲ್ಲಿ ಹೀಗೆ ಬಂದವರು ಒಂದು ಖಾನಾವಳಿಯ ಯಜಮಾನರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ಈ ಐದು ಊರುಗಳಲ್ಲಿ ಒಂದು ಅವರದು. ಯಾವುದೆಂದು ಹೇಳುವುದಿಲ್ಲ, ಹೇಳಿದರೂ ವ್ಯತ್ಯಾಸವಾಗದು. ನಾನು ಹೇಳಹೊರಟಿರುವ ಸಂಗತಿ ಐದೂ ಊರುಗಳಿಗೆ ಸೇರಿದ್ದು.

ಅವರು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವನ್ನು ತೆಗೆದು ಮುಂದಿಟ್ಟರು. ಊರಿನ ಆಡಳಿತದ ಕಚೇರಿಯಿಂದ ಬಂದ ತಿಳಿವಳಿಕೆ ಪತ್ರ ಅದು. ‘ತಮ್ಮ ಕಟ್ಟಡದ ಹೊರಾಂಗಣದಲ್ಲಿ ಭೋಜನದ ಆಸನಗಳನ್ನು ಕಲ್ಪಿಸಿರುವುದರಿಂದ ಅಧಿಭೋಗ ಹೊರೆಯಲ್ಲಿ ಉಂಟಾಗಿರುವ ಹೆಚ್ಚಳಕ್ಕೆ ಅನುಗುಣವಾಗಿ ನೈರ್ಮಲ್ಯ ಸೌಕರ್ಯಗಳನ್ನು ಒದಗಿಸತಕ್ಕದ್ದು’ ಎಂಬಂತೆ ಅದರ ಒಕ್ಕಣೆ ಸಾಗಿತ್ತು.

“ಭೋಗ ಗೊತ್ತೈತ್ರಿ ಮೇಷ್ಟ್ರೇ. ಈ ಅಧಿಭೋಗ ಅಂದ್ರ ಏನ್ರಿ? ನಾವು ಅಂಥಾದ್ದೇನು ಭೋಗ ಮಾಡೀವಿ?” ಎಂದರು ಯಜಮಾನರು.

ಒಂದು ಕಟ್ಟಡದಲ್ಲಿ ಒಮ್ಮೆಗೆ ಎಷ್ಟು ಜನ ಇರಬಹುದೆಂಬ ಲೆಕ್ಕವೇ ಅಧಿಭೋಗದ ಹೊರೆಯೆಂದು ವಿವರಿಸಿದೆ. ಅವರಿಗೆ ಸಮಾಧಾನವಾಗಲಿಲ್ಲ.

“ಹೊರಗ ಕುಂತೋರು ಕಟ್ಟಡದಾಗ ಹೆಂಗ ಬಂದ್ರು? ಹೊರಗ ಇರೋದು ಬೇವಿನ ಗಿಡ, ಮ್ಯಾಲ ನಾಕು ತಗಡು. ಗಿಡದ ಕೆಳಗ ಕುಂತೋನಿಗೂ ಲೆಕ್ಕ ಐತೇನ್ರಿ?”

ಈ ಪ್ರಶ್ನೆ ನನಗೆ ಹಿಡಿಸಿತು. ತರ್ಕಶಾಸ್ತ್ರದ ಸೊಗಸು ಅದರಲ್ಲಿತ್ತು. ಅವರ ಪರವಾಗಿ ಒಂದು ಅರ್ಜಿಯನ್ನು ಬರೆದುಕೊಡುವೆನೆಂದು ಒಪ್ಪಿಕೊಂಡೆ.

ಅವರ ಖಾನಾವಳಿಯನ್ನು ನಾನು ಬಹು ದಿನಗಳಿಂದ ಬಲ್ಲೆ. ಒಳಗೆ 30 ಅಡಿ ಉದ್ದ, 20 ಅಡಿ ಅಗಲದ ಒಂದು ಕೋಣೆ. ಹತ್ತು ಮೇಜು, ಮೇಜಿಗೆ ನಾಲ್ಕರಂತೆ 40 ಕುರ್ಚಿ. ಮಧ್ಯಾಹ್ನ ಜೋಳದ ರೊಟ್ಟಿ, ಎಣಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಕೊನೆಗೆ ಒಂದು ಲೋಟ ಮಜ್ಜಿಗೆ. ಸಂಜೆ ಮಂಡಕ್ಕಿ, ಮೆಣಸಿನಕಾಯಿ. ಸಂಜೆಯ ಹೊತ್ತು ಮಂಡಕ್ಕಿಯ ಜೊತೆಗೆ ಮೆಣಸಿನಕಾಯಿ ಎಂದರೆ ಅದು ಬಜ್ಜಿಯೆಂದೇ ಈ ಸೀಮೆಯಲ್ಲಿ ಅರ್ಥ. ಹೊರಗಿನಿಂದ ಬಂದವರು ಹಸಿಯದನ್ನು ನಿರೀಕ್ಷಿಸಿ ಗಾಬರಿಯಾಗಬೇಕಾಗಿಲ್ಲ. ಕೋಣೆಯ ಮುಂದೆ ಅಷ್ಟೇ ವಿಸ್ತಾರದ ಅಂಗಳ, ಅದರ ಮೂಲೆಯಲ್ಲಿ ಬೇವಿನ ಮರ. ಮೊದಲು ಅಂಗಳದಲ್ಲಿ ಬೊಂಬು ನೆಟ್ಟು ತೆಂಗಿನ ಗರಿ ಹೊದಿಸಿದರು. ಒಂದು ಮಳೆಗಾಲ ಕಳೆದ ಮೇಲೆ ಗರಿ ಹೋಗಿ ತಗಡು ಬಂದಿತು. ತಗಡಿನ ನೆರಳಿಗೆ ಇನ್ನೂ 40 ಕುರ್ಚಿಗಳು ಬಂದವು. ಹಿಂದೆ, ಅಡಿಗೆಮನೆಯ ಆಚೆ, ಆಳುಗಳಿಗೆಂದು ಕಟ್ಟಿಸಿದ ಒಂದು ಪಾಯಖಾನೆ ಇತ್ತು. ಕುರ್ಚಿಗಳು ಇಮ್ಮಡಿಯಾದವು, ಅದು ಮಾತ್ರ ಒಂದೇ ಆಗಿ ಉಳಿಯಿತು.

ಬಯಲಿನಲ್ಲಿ ಕುಳಿತು ಉಣ್ಣುವುದು ನಮ್ಮ ಸೀಮೆಗೆ ಹೊಸದಲ್ಲ. ಮಾಘಮಾಸದಲ್ಲಿ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಕಾರಣಿಕವನ್ನು ಕೇಳಲು ಜನಸಮುದ್ರವೇ ಬಂದು ತುಂಗಭದ್ರೆಯ ದಂಡೆಯಲ್ಲಿ ಬುತ್ತಿ ಬಿಚ್ಚುತ್ತದೆ. ಕೊಟ್ಟೂರಿನ ಗುರು ಬಸವೇಶ್ವರನ ತೇರಿಗೆ ದಾವಣಗೆರೆಯ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವ ಭಕ್ತರಿಗೆ ದಾರಿಯುದ್ದಕ್ಕೂ ಚಪ್ಪರ ಹಾಕಿ ಪ್ರಸಾದವನ್ನು ಬಡಿಸುತ್ತಾರೆ. ಕೂಡ್ಲಿಗಿಯ ಬಳಿ, ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಲಾರಿ ಚಾಲಕರು ಬಯಲಲ್ಲಿಯೇ ಊಟ ಮುಗಿಸುತ್ತಾರೆ. ಹಗರಿಬೊಮ್ಮನಹಳ್ಳಿಯಲ್ಲಾಗಲಿ ಹರಪನಹಳ್ಳಿಯಲ್ಲಾಗಲಿ ಸಂಜೆ ಐದಾಯಿತೆಂದರೆ ಅಂಗಡಿಗಳ ಮುಂದೆ ಬೆಂಚುಗಳು ಹೊರಬೀಳುತ್ತವೆ. ಈ ಊರುಗಳು 1953ರ ಅಕ್ಟೋಬರ್ 1ರವರೆಗೆ ಮದರಾಸು ಪ್ರಾಂತದಲ್ಲಿದ್ದವು, ಆಮೇಲೆ ಮೈಸೂರಿಗೆ ಸೇರಿದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ ಮತ್ತೆ ಬಳ್ಳಾರಿಗೆ ಬಂದಿತು. 2021ರಲ್ಲಿ ಐದೂ ಕೂಡಿ ವಿಜಯನಗರ ಜಿಲ್ಲೆಗೆ ಸೇರಿದವು. ಸರಹದ್ದುಗಳು ಎಷ್ಟು ಸಲ ಬದಲಾದರೂ ಇಲ್ಲಿಯ ಬಿಸಿಲು ಬದಲಾಗಲಿಲ್ಲ. ಇಳಿಹೊತ್ತಿನಲ್ಲಿ ಒಳಗೆ ಕೂರಲಾರದ ಜನ ಹೊರಗೆ ಕೂರುತ್ತಾರೆ; ಇದರಲ್ಲಿ ವಿಲಾಸದ ಮಾತೇನೂ ಇಲ್ಲ.

ಅರ್ಜಿ ಬರೆಯುವ ಮೊದಲು ಎದುರುಪಕ್ಷದ ಶಾಸ್ತ್ರವನ್ನು ಓದಿಕೊಳ್ಳುವುದು ನನ್ನ ಅಭ್ಯಾಸ. ನಮ್ಮ ದೇಶದಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆಯೆಂಬ ದೊಡ್ಡ ಗ್ರಂಥವೊಂದುಂಟು. ಮೊದಲು 1970ರಲ್ಲಿ ಪ್ರಕಟವಾಗಿ, 1983, 2005 ಮತ್ತು 2016ರಲ್ಲಿ ಪರಿಷ್ಕಾರಗೊಂಡಿತು. ಅದು ತಾನಾಗಿಯೇ ಕಾನೂನಲ್ಲ, ಶಿಫಾರಸು. ರಾಜ್ಯಗಳೂ ಊರಿನ ಆಡಳಿತಗಳೂ ತಮ್ಮ ಕಟ್ಟಡ ಉಪವಿಧಿಗಳಲ್ಲಿ ಅಳವಡಿಸಿಕೊಂಡಾಗ ಅದಕ್ಕೆ ಬಲ ಬರುತ್ತದೆ. ಅದರ ಜೊತೆಗೆ ನೀರು, ಚರಂಡಿ, ಶೌಚಗಳ ಅಗತ್ಯವನ್ನು ಗೊತ್ತುಮಾಡುವ ಭಾರತೀಯ ಮಾನಕವೊಂದುಂಟು. ಅದರ ಸಂಖ್ಯೆ 1172. ಇವುಗಳನ್ನು ತಿರುವಿಹಾಕಿದಾಗ ಯಜಮಾನರ ಪ್ರಶ್ನೆಗೆ ಉತ್ತರ ಸಿಕ್ಕಿತು.

ಕಟ್ಟಡದ ಶಾಸ್ತ್ರದಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ಒಂದು ಗೋಡೆಯ ಲೆಕ್ಕ, ಇನ್ನೊಂದು ತಲೆಯ ಲೆಕ್ಕ. ನಿವೇಶನದಲ್ಲಿ ಎಷ್ಟು ಜಾಗ ಕಟ್ಟಿದ್ದು, ಎಷ್ಟು ಜಾಗ ತೆರೆದದ್ದು ಎಂಬುದು ಮೊದಲನೆಯದು. ಆಕಾಶಕ್ಕೆ ತೆರೆದಿರುವ ಅಂಗಳ ಆ ಲೆಕ್ಕಕ್ಕೆ ಬರುವುದಿಲ್ಲ. ಯಜಮಾನರು ಗೆದ್ದಂತಾಯಿತು. ಆದರೆ ಎರಡನೆಯ ಲೆಕ್ಕ ಗೋಡೆಯನ್ನು ನೋಡುವುದೇ ಇಲ್ಲ. ಈ ವ್ಯವಸ್ಥೆಯನ್ನು ನಂಬಿ ಎಷ್ಟು ಮಂದಿ ಕುಳಿತಿದ್ದಾರೆಂಬುದನ್ನು ಮಾತ್ರ ನೋಡುತ್ತದೆ. ಮೇಜು ಕುರ್ಚಿ ಹಾಕಿದ ಕಡೆ ತಲೆಗೆ 15 ಚದರ ಅಡಿಯೆಂದು ಅಮೆರಿಕದ ಸಂಹಿತೆ ಎಣಿಸುತ್ತದೆ. ನಮ್ಮ 2005ರ ಸಂಹಿತೆ ಭೋಜನದ ಕೋಣೆಗೆ ತಲೆಗೆ ಒಂದೂವರೆ ಚದರ ಮೀಟರು, ಅಂದರೆ ಸುಮಾರು 16 ಚದರ ಅಡಿಯೆಂದು ಎಣಿಸಿತ್ತು. ಸಮುದ್ರದ ಆಚೆಗೂ ಈಚೆಗೂ ಉಣ್ಣುವವನಿಗೆ ಬೇಕಾದ ಜಾಗ ಹೆಚ್ಚು ಕಡಿಮೆ ಒಂದೇ! 600 ಚದರ ಅಡಿಯ ಕೋಣೆಗೆ ಸುಮಾರು 40 ಜನ. 600 ಚದರ ಅಡಿಯ ಅಂಗಳಕ್ಕೆ ಮತ್ತೆ 40. ಯಜಮಾನರು ಶಾಸ್ತ್ರವನ್ನು ಓದದೆಯೇ ಶಾಸ್ತ್ರಕ್ಕೆ ಸರಿಯಾಗಿ ಕುರ್ಚಿ ಹಾಕಿದ್ದರು.

ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಭೋಜನಶಾಲೆಯಲ್ಲಿ 200 ಆಸನಗಳವರೆಗೆ ಪ್ರತಿ 50 ಆಸನಕ್ಕೆ ಪುರುಷರಿಗೆ ಒಂದು ಶೌಚಗೃಹ. ಅದರ ಮೇಲೆ ಪ್ರತಿ 100ಕ್ಕೆ ಇನ್ನೊಂದು. ಮೂತ್ರಾಲಯ ಬೇರೆ, ಕೈತೊಳೆಯುವ ಬೋಗುಣಿ ಬೇರೆ. ಸ್ತ್ರೀಯರಿಗೆ ಇದಕ್ಕೆ ಕಡಿಮೆಯಿಲ್ಲದಂತೆ ಪ್ರತ್ಯೇಕ ವ್ಯವಸ್ಥೆ. ಆಸನವೊಂದಕ್ಕೆ ದಿನಕ್ಕೆ 70 ಲೀಟರು ನೀರು. ಒಳಗಿನ 40 ಆಸನಗಳ ಮಟ್ಟಿಗೆ ಖಾನಾವಳಿ ಮೊದಲನೆಯ ಮೆಟ್ಟಿಲಲ್ಲಿತ್ತು. ಅಂಗಳದ 40 ಸೇರಿದೊಡನೆ 50ರ ಗೆರೆಯನ್ನು ದಾಟಿ ಎರಡನೆಯ ಮೆಟ್ಟಿಲಿಗೆ ಏರಿತು. ನೀರಿನ ಬಾಬು 2,800 ಲೀಟರಿನಿಂದ 5,600 ಲೀಟರಿಗೆ ಹೋಯಿತು. ಕೊಳವೆಬಾವಿ ಕೊರೆಸಿ ಕೊರೆಸಿ ಸೋತ ಈ ನಾಡಿನಲ್ಲಿ ಆ ಇನ್ನೊಂದು 2,800 ಲೀಟರು ಕಾಗದದ ಮೇಲಿನ ಅಂಕಿಯಲ್ಲ. ಹಣ ತೆತ್ತು ತರಿಸಬೇಕಾದ ಟ್ಯಾಂಕರಿನ ನೀರು.

ಇಷ್ಟನ್ನೂ ಯಜಮಾನರಿಗೆ ಹೇಳಿದೆ. ಅವರು ಸುಮ್ಮನೆ ಕೇಳಿ, ಕಡೆಗೆ ಒಂದು ಮಾತು ಹೇಳಿದರು: “ಮಧ್ಯಾಹ್ನ ಹೊರಗ ಯಾರು ಕೂರ್ತಾರ್ರಿ, ತಗಡು ಕಾದು ಹೆಂಚಾಗಿರ್ತೈತಿ. ಸಂಜೀಕ ಒಳಗ ಯಾರು ಕೂರ್ತಾರ? ಜನ ಅವರ ಅಲ್ಲೇನ್ರಿ? ಒಳಗಿದ್ದೋರು ಹೊರಗ ಬಂದ್ರು. ಒಬ್ಬನ್ನ ಎರಡು ಸಾರಿ ಎಣಿಸಿದ್ರ ಹೆಂಗ?”

ಇದು ಪೊಳ್ಳು ವಾದವಲ್ಲ. ಹೊರಗಿನ ಪಂಕ್ತಿ ಒಳಗಿನ ಪಂಕ್ತಿಗೆ ಬದಲಿಯೋ ಅಥವಾ ಅದರ ಮೇಲೆ ಹೆಚ್ಚುವರಿಯೋ ಎಂಬ ಈ ಪ್ರಶ್ನೆ ಎಲ್ಲ ದೇಶಗಳಲ್ಲಿಯೂ ಏಳುವಂಥದು. ಅಮೆರಿಕದ ಸಂಹಿತೆಯೂ ತೆರೆದ ಜಾಗದ ತಲೆಲೆಕ್ಕವನ್ನು ಯಂತ್ರದಂತೆ ಗುಣಿಸಿಬಿಡುವುದಿಲ್ಲ. ಆ ಜಾಗ ಹೇಗೆ ಬಳಕೆಯಾಗುವುದೆಂದು ನೋಡಿ ಕಟ್ಟಡದ ಅಧಿಕಾರಿ ಗೊತ್ತುಮಾಡಬೇಕೆಂದು ಹೇಳುತ್ತದೆ. ಆದರೆ ಒಂದು ಕಟ್ಟು ಉಂಟು: ಹೊರಗೆ ಕುಳಿತವರು ಬೀದಿಗೆ ಹೋಗಲು ಕಟ್ಟಡದ ಒಳಗೇ ಹಾದುಹೋಗಬೇಕಾಗಿದ್ದರೆ, ಒಳಗಿನವರನ್ನೂ ಹೊರಗಿನವರನ್ನೂ ಕೂಡಿಸಿಯೇ ಬಾಗಿಲುಗಳನ್ನು ಅಳೆಯಬೇಕು. ಯಜಮಾನರ ಖಾನಾವಳಿಯಲ್ಲಿ ಇದರ ಉಲ್ಟಾ ಆಗಿತ್ತು. ಒಳಗಿನವರು ಬೀದಿಗೆ ಹೋಗಬೇಕಾದರೆ ಅಂಗಳದ ಮೇಜುಗಳ ನಡುವೆ ನುಸುಳಬೇಕಾಗಿತ್ತು. ಒಲೆಯ ಬೆಂಕಿ ಎದ್ದ ದಿನ ಆ 40 ಜನ ಹಿಡಿಯಬೇಕಾದ ದಾರಿಯಲ್ಲಿ ಇನ್ನೊಂದು 40 ಜನ ಬಜ್ಜಿಯ ತಟ್ಟೆ ಹಿಡಿದು ಕುಳಿತಿರುತ್ತಾರೆ. ತೇರಿನ ದಿನವಂತೂ ‘ಜನ ಅವರೇ’ ಎಂಬ ಮಾತು ನಿಲ್ಲುವುದಿಲ್ಲ. ಒಳಗೂ ತುಂಬಿರುತ್ತಾರೆ, ಹೊರಗೂ ತುಂಬಿರುತ್ತಾರೆ, ಬೇವಿನ ಕಟ್ಟೆಯ ಮೇಲೂ ಸರದಿ ಕಾಯುತ್ತಿರುತ್ತಾರೆ.

ಇನ್ನು ತಗಡಿನ ಮಾತು. ತೆರೆದ ಅಂಗಳಕ್ಕೆ ಮಾಡು ಬಂದೊಡನೆ ಅದು ಅಂಗಳವಾಗಿ ಉಳಿಯುವುದಿಲ್ಲ. ಗಾಳಿ ಬೆಳಕಿಗೆ, ಬೆಂಕಿ ನಂದಿಸುವ ಬಂಡಿಗೆ ಎಂದು ಬಿಡಿಸಿದ ಜಾಗ ಸದ್ದಿಲ್ಲದೆ ಕಟ್ಟಡವಾಗುತ್ತದೆ. ಮುಂಬಯಿಯ ಕಮಲಾ ಮಿಲ್ಸ್ ಆವರಣದಲ್ಲಿ 2017ರ ಡಿಸೆಂಬರ್ 29ರಂದು ಮಹಡಿಯ ಮೇಲಿನ ಭೋಜನಶಾಲೆಗೆ ಬೆಂಕಿ ಬಿದ್ದು 14 ಮಂದಿ ತೀರಿಕೊಂಡರು. ಅದು ಕೂಡ ಬಯಲಿನಂತೆ ತೋರುವ, ಆದರೆ ಮೇಲೆ ಹೊದಿಕೆಯಿದ್ದ ಜಾಗ. ಹೊಗೆಯಿಂದ ತಪ್ಪಿಸಿಕೊಳ್ಳಲು ಶೌಚಗೃಹವನ್ನು ಹೊಕ್ಕ ಹಲವರು ಅಲ್ಲಿಯೇ ಉಸಿರುಕಟ್ಟಿ ಸತ್ತರು. ಬಯಲೆಂಬ ಭರವಸೆ ಎಷ್ಟು ಮೋಸದ್ದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಒಂದು ಕೊಂಕು ನನಗೂ ಹೊಳೆಯದೆ ಹೋಗಲಿಲ್ಲ. ಆಸನವನ್ನೇ ಎಣಿಸುವ ಶಾಸ್ತ್ರಕ್ಕೆ ನಿಂತು ಉಣ್ಣುವವನು ಕಾಣಿಸುವುದೇ ಇಲ್ಲ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಹುಟ್ಟಿಕೊಂಡ ದರ್ಶಿನಿಗಳಲ್ಲಿ ಕುರ್ಚಿಯೇ ಇಲ್ಲ. ಎತ್ತರದ ಮೇಜಿನ ಮೇಲೆ ತಟ್ಟೆಯಿಟ್ಟು ನಿಂತೇ ತಿನ್ನಬೇಕು. ದಿನಕ್ಕೆ ಸಾವಿರ ಜನ ಬಂದುಹೋದರೂ ಆಸನ ಸೊನ್ನೆ. ಕುರ್ಚಿಯನ್ನು ತೆಗೆದರೆ ಹೊರೆ ತಪ್ಪುವುದೆಂದು ಯಜಮಾನರಿಗೆ ಸೂಚಿಸಲೇ ಎಂದುಕೊಂಡೆ. ಅಷ್ಟರ ಮಟ್ಟಿಗೆ ನಾನು ವಕೀಲನಾಗಿಬಿಟ್ಟಿದ್ದೆ. ಕೊನೆಗೆ ಕೊಂಕನ್ನು ಬಿಟ್ಟು, ಬದಲಿ ಪಂಕ್ತಿಯ ವಾದವನ್ನೇ ಹಿಡಿದು, ಎರಡು ಪುಟದ ಅರ್ಜಿಯನ್ನು ಬರೆದೆ. ‘ವೃಕ್ಷಚ್ಛಾಯೆಯಲ್ಲಿ ಕುಳಿತ ಪಥಿಕನನ್ನು ಕಟ್ಟಡದ ನಿವಾಸಿಯೆಂದು ಗಣಿಸುವುದು ನ್ಯಾಯವಲ್ಲ’ ಎಂಬ ವಾಕ್ಯವೂ ಅದರಲ್ಲಿತ್ತು. ಅದನ್ನು ಬರೆದು ಮುಗಿಸಿದ ರಾತ್ರಿ ನನಗೆ ಬಹಳ ಹೆಮ್ಮೆಯಾಯಿತೆಂದು ಒಪ್ಪಿಕೊಳ್ಳಬೇಕು.

ಅರ್ಜಿಯನ್ನು ನಕಲು ಮಾಡಿ ಕೊಡುವ ಮೊದಲು ಬಿ.ಎ. ಅಂತಿಮ ತರಗತಿಯ ಪ್ರವಾಸ ಬಂದಿತು. ಪ್ರತಿವರ್ಷ ಒಂದು ದಿನ ವಿದ್ಯಾರ್ಥಿಗಳಿಗೆ ಹತ್ತಿರದ ಶಾಸನಗಳನ್ನೂ ದೇವಾಲಯಗಳನ್ನೂ ತೋರಿಸಿ ತರುವುದು ನಮ್ಮ ವಾಡಿಕೆ. ಹರಪನಹಳ್ಳಿಯ ಬಳಿಯ ಬಾಗಳಿಯಲ್ಲಿ 10ನೆಯ ಶತಮಾನದ ಕಲ್ಲೇಶ್ವರ ದೇವಾಲಯ. ಅಲ್ಲಿಂದ ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ಚಾಲುಕ್ಯರ ಕಾಲದ ಕಟ್ಟೇಶ್ವರ. ಹಗರಿಬೊಮ್ಮನಹಳ್ಳಿಯ ಮೇಲೆ ಹಿಂದಿರುಗುವುದು - ಹೀಗೆ ದಾರಿ. 9 ಹುಡುಗರು, 13 ಹುಡುಗಿಯರು, ಇತಿಹಾಸದ ಅಧ್ಯಾಪಿಕೆಯೊಬ್ಬರು, ನಾನು. ಬೆಳಗಿನ ಆರಕ್ಕೆ ಬಸ್ಸು ಹತ್ತಿದೆವು.

ಬಾಗಳಿಯಲ್ಲಿ ಕಲ್ಲುಗಳ ಮುಂದೆ ನಿಂತು ನಮ್ಮ ನಾಡಿನ ದಾನಶಾಸನಗಳ ಬಗ್ಗೆ ಉತ್ಸಾಹದಿಂದ ಮಾತನಾಡಿದೆ. ಸತ್ರಕ್ಕೆಂದು ಭೂಮಿ ಬಿಟ್ಟವರು, ಅರವಟ್ಟಿಗೆಗೆಂದು ದತ್ತಿ ಕೊಟ್ಟವರು, ಕೆರೆ ಕಟ್ಟಿಸಿದವರು - ಉಣಿಸುವುದನ್ನೂ ನೀರುಣಿಸುವುದನ್ನೂ ಒಂದೇ ಪುಣ್ಯವೆಂದು ಎಣಿಸಿದ ಜನ ನಮ್ಮವರು ಎಂದೆ. ಹುಡುಗಿಯರು ಬರೆದುಕೊಂಡರು.

ಮಧ್ಯಾಹ್ನ ದಾರಿಯ ಒಂದು ಊರಿನಲ್ಲಿ ಊಟಕ್ಕೆ ಇಳಿದೆವು. ಆ ಹೋಟೆಲಿನದೂ ಅಂಗಳ, ಅದಕ್ಕೂ ಚಪ್ಪರ. ಬಡಿಸಿದವರ ಆದರ ದೊಡ್ಡದು. ರೊಟ್ಟಿಯ ಮೇಲೆ ರೊಟ್ಟಿ ಹಾಕಿದರು, ತಂಬಿಗೆ ತುಂಬ ನೀರು ತಂದಿಟ್ಟರು. ನಾನೂ ಹುಡುಗರೂ ಹೊಟ್ಟೆ ತುಂಬ ಉಂಡು, ಮಜ್ಜಿಗೆ ಕುಡಿದು, ಹಿಂದಿನ ಜಾಲಿಗಿಡದ ಮರೆಗೆ ಹೋಗಿಬಂದೆವು. ಬಂದು ನೋಡುತ್ತೇನೆ, ಹುಡುಗಿಯರ ಸಾಲಿನಲ್ಲಿ ಲೋಟಗಳು ತುಂಬಿದಂತೆಯೇ ಇವೆ. ಒಬ್ಬಳು ಖಾರವಾದ ಚಟ್ನಿಯನ್ನು ಬದಿಗೆ ಸರಿಸಿ ಒಣರೊಟ್ಟಿಯನ್ನು ಮುರಿಯುತ್ತಿದ್ದಾಳೆ. ಇನ್ನೊಬ್ಬಳು ತಲೆನೋವೆಂದು ಮೇಜಿಗೆ ಒರಗಿದ್ದಾಳೆ.

“ಏನ್ರಮ್ಮಾ, ಇಷ್ಟು ಬಿಸಿಲಿನಲ್ಲಿ ನೀರು ಕುಡಿಯದಿದ್ದರೆ ತಲೆ ನೋಯದೆ ಇನ್ನೇನು? ಕುಡಿಯಿರಿ, ಕುಡಿಯಿರಿ” ಎಂದು ಗದರಿದೆ. ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ತಲೆ ತಗ್ಗಿಸಿದರು.

ಅಧ್ಯಾಪಿಕೆ ನನ್ನನ್ನು ಈಚೆಗೆ ಕರೆದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. “ಸರ್, ಈ ಮಕ್ಕಳು ಬೆಳಿಗ್ಗೆ ಮನೆ ಬಿಟ್ಟಾಗಿನಿಂದ ನೀರು ಕುಡಿದಿಲ್ಲ. ಕುಡಿದರೆ ಎಲ್ಲಿಗೆ ಹೋಗಬೇಕು? ನಿಮಗೆ ಜಾಲಿಗಿಡ ಇದೆ. ಕೇಳಿ ನೋಡಿದೆ, ಇಲ್ಲಿ ಹೆಂಗಸರಿಗೆ ಏನೂ ಇಲ್ಲವಂತೆ. ಪ್ರವಾಸಕ್ಕೆ ಮಾತ್ರವಲ್ಲ, ಹಳ್ಳಿಗಳಿಂದ ಕಾಲೇಜಿಗೆ ಬರುವ ದಿನಗಳಲ್ಲಿಯೂ ಇವರು ಮಾಡುವುದು ಹೀಗೆಯೇ.” ಸ್ವಲ್ಪ ತಡೆದು ಹೇಳಿದರು: “ನಾನೂ ಕುಡಿದಿಲ್ಲ.”

ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಮಧ್ಯಾಹ್ನದ ತರಗತಿಗಳಲ್ಲಿ ಹುಡುಗಿಯರು ಬಾಡಿದಂತೆ ಕಾಣುವುದನ್ನು ನೋಡಿ ಕಾವ್ಯದಲ್ಲಿ ಇವರಿಗೆ ಆಸಕ್ತಿಯಿಲ್ಲವೆಂದು ತಿಳಿದಿದ್ದೇನೆ. ಹೊತ್ತುಹೊತ್ತಿಗೆ ನೀರು ಕುಡಿಯದೆ, ಮೂತ್ರವನ್ನು ತಡೆದುಕೊಂಡಿದ್ದರೆ ಮೂತ್ರನಾಳದ ರೋಗಗಳು ಬರುವುವೆಂದು ವೈದ್ಯರು ಹೇಳುವುದನ್ನು ಎಲ್ಲಿಯೋ ಓದಿದ್ದೇನೆ. ಈ ಮೂರನ್ನೂ ಒಂದು ದಿನವಾದರೂ ಜೊತೆಗಿಟ್ಟು ನೋಡಿರಲಿಲ್ಲ. ಆ ದಿನ ಬೆಳಿಗ್ಗೆ ಅರವಟ್ಟಿಗೆಯ ಪುಣ್ಯವನ್ನು ಕುರಿತು ನಾನು ಉಪನ್ಯಾಸ ಕೊಟ್ಟಿದ್ದು ಬಾಯಾರಿದ 13 ಜನ ಹುಡುಗಿಯರಿಗೆ.

ಹತ್ತಿರದ ಮನೆಯೊಂದರ ತಾಯಿಯನ್ನು ಅಧ್ಯಾಪಿಕೆ ಮಾತನಾಡಿಸಿ, ಇಬ್ಬಿಬ್ಬರನ್ನಾಗಿ ಕರೆದುಕೊಂಡು ಹೋಗಿಬಂದರು. ಮುಕ್ಕಾಲು ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಚಪ್ಪರದ ಕೆಳಗೆ ಒಬ್ಬನೇ ಕುಳಿತು ಕುರ್ಚಿಗಳನ್ನು ಎಣಿಸಿದೆ. 36 ಇದ್ದವು.

ನಮ್ಮ ಮನೆಗಳಲ್ಲಿ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುತ್ತಾರೆ, ಆಮೇಲೆ ಕೂರಿಸುತ್ತಾರೆ, ಆಮೇಲೆ ಬಡಿಸುತ್ತಾರೆ. ನಮ್ಮ ಅಜ್ಜಿ ಬಂದ ಹೆಣ್ಣುಮಕ್ಕಳ ಕೈಗೆ ಚರಿಗೆಯನ್ನು ಕೊಟ್ಟು ಹಿತ್ತಲನ್ನು ತೋರಿಸಿದ ಮೇಲೆಯೇ ಒಲೆಯ ಮೇಲೆ ಹೆಂಚಿಡುತ್ತಿದ್ದಳು. ಅವಳಿಗೆ ಅಧಿಭೋಗವೆಂಬ ಶಬ್ದ ಗೊತ್ತಿರಲಿಲ್ಲ. ಅದರ ಅರ್ಥ ಗೊತ್ತಿತ್ತು. ಕಚೇರಿಯವರಿಗೆ ಶಬ್ದ ಗೊತ್ತಿತ್ತು. ನನಗೆ ಎರಡೂ ಗೊತ್ತಿದ್ದು, ಪಥಿಕನನ್ನು ಲೆಕ್ಕದಿಂದ ಬಿಡಿಸಲು ವಾಕ್ಯ ಕಟ್ಟುತ್ತಿದ್ದೆ. ಅಂಗಳದಲ್ಲಿ ಕುರ್ಚಿಯನ್ನು ಹಾಕುವುದೆಂದರೆ ‘ಬನ್ನಿ, ಕೂಡಿರಿ’ ಎಂದು ಕರೆದಂತೆ. ಕರೆಸಿಕೊಂಡವರು ಹೊಟ್ಟೆಯನ್ನು ಮಾತ್ರ ಹೊತ್ತು ಬರುವುದಿಲ್ಲ, ಇಡೀ ದೇಹವನ್ನು ಹೊತ್ತು ಬರುತ್ತಾರೆ. ಗಿಡದ ಕೆಳಗೆ ಕುಳಿತವನಿಗೂ ಲೆಕ್ಕವುಂಟೇ ಎಂಬ ಪ್ರಶ್ನೆಗೆ ಉತ್ತರ ಅಷ್ಟೇ.

ಊರಿಗೆ ಬಂದು ಅರ್ಜಿಯನ್ನು ಹರಿದೆ. ಯಜಮಾನರನ್ನು ಕರೆಸಿ ನಡೆದುದನ್ನು ಹೇಳಿದೆ. ಅವರಿಗೂ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಂಗಾದ್ರ ಬ್ಯಾರೆ ಬರೀರಿ” ಎಂದರು.

ಬೇರೆ ಅರ್ಜಿ ಸುಲಭವಾಗಿರಲಿಲ್ಲ. ನಿಯಮ ಬೇಡವೆನ್ನುವುದು ಸುಲಭ. ನಿಯಮ ಬೇಕು, ಆದರೆ ಬಡವನ ಒಲೆ ಆರದಂತೆ ಬೇಕು ಎನ್ನುವುದು ಕಷ್ಟ. ಅಂಗಳದ ಆಸನಗಳನ್ನೂ ಸೇರಿಸಿಯೇ ಎಣಿಸಿರಿ ಎಂದು ಮೊದಲು ಒಪ್ಪಿಕೊಂಡೆವು. ಹೊರಗಿನ ಪಂಕ್ತಿ ಸಂಜೆಗೆ ಮಾತ್ರವಾದರೆ, ಒಟ್ಟು ಆಸನ ಇಷ್ಟನ್ನು ಮೀರದೆಂದು ಪರವಾನಗಿಯಲ್ಲಿ ಬರೆದು, ಆ ಸಂಖ್ಯೆಯನ್ನು ಬಾಗಿಲಲ್ಲಿ ಕಾಣುವಂತೆ ತೂಗುಹಾಕಲು ಅವಕಾಶ ಕೊಡಿರಿ ಎಂದು ಕೇಳಿದೆವು. ತಗಡನ್ನು ತೆಗೆದು ಒಳಗಿನವರಿಗೆ ಬೀದಿಯವರೆಗೆ ಮೇಜಿಲ್ಲದ ದಾರಿಯನ್ನು ಬಿಡುತ್ತೇವೆಂದೆವು. ಕಟ್ಟಿಸುವುದಕ್ಕೆ ಮೂರು ತಿಂಗಳ ಗಡುವು ಬೇಡಿದೆವು.

ಕೊನೆಯ ಕಂಡಿಕೆ ಯಜಮಾನರದಲ್ಲ, ಊರಿನದು. ಮಂಡಕ್ಕಿ ಅಂಗಡಿಯವನಿಗೆ ಎಂಟಡಿ ಜಾಗ, ಎರಡು ಬೆಂಚು. ಅವನು ಶೌಚಗೃಹವನ್ನು ಎಲ್ಲಿ ಕಟ್ಟಿಸಿಯಾನು? ಅವನನ್ನು ಎಬ್ಬಿಸುವುದು ಪರಿಹಾರವಲ್ಲ. ಅಮೆರಿಕದವರ ನಿಯಮದಲ್ಲಿ ಗಿರಾಕಿ ನಡೆಯಬೇಕಾದ ದೂರ 500 ಅಡಿಯನ್ನು ಮೀರಬಾರದೆಂದಿದೆ; ಆ ಅಳತೆ ನಮಗೂ ಒಗ್ಗುವಂಥದು. ಬಸ್ ನಿಲ್ದಾಣ, ಸಂತೆಮಾಳ, ತೇರುಬೀದಿಗಳ ಬಳಿ ಅಷ್ಟು ದೂರದೊಳಗೆ ಊರೇ ಒಂದು ಶೌಚಗೃಹವನ್ನು ಕಟ್ಟಿಸಿ ನೀರು ಬಿಟ್ಟರೆ ಹತ್ತು ಅಂಗಡಿಗಳ ಬೆಂಚುಗಳಿಗೆ ಅದು ಆಸರೆಯಾದೀತು. ವ್ಯಾಪಾರದ ವಲಯಗಳಲ್ಲಿ ಒದಗಿಸಿದ ಸೌಕರ್ಯಗಳಿಗೆ ಬೀದಿ ವ್ಯಾಪಾರಿಗಳು ನಿರ್ವಹಣೆಯ ಶುಲ್ಕವನ್ನು ತೆರಬೇಕೆಂದು 2014ರ ಕಾಯಿದೆಯೇ ಹೇಳುತ್ತದೆ. ಶುಲ್ಕಕ್ಕೆ ಮೊದಲು ಸೌಕರ್ಯವಿರಬೇಕಾದದ್ದು ನ್ಯಾಯ. ದಕ್ಷಿಣ ದೆಹಲಿಯ ನಗರಾಡಳಿತ 2017ರ ಏಪ್ರಿಲ್‌ನಲ್ಲಿ ಇನ್ನೊಂದು ದಾರಿಯನ್ನು ಹಿಡಿದಿತ್ತು: ಭೋಜನಶಾಲೆಗಳ ಶೌಚಗೃಹವನ್ನು ಊಟ ಮಾಡದ ದಾರಿಹೋಕರಿಗೂ ತೆರೆಯಿಸಿ, ಹೆಚ್ಚೆಂದರೆ 5 ರೂಪಾಯಿ ತೆಗೆದುಕೊಳ್ಳಬಹುದೆಂದಿತು. ನ್ಯೂಯಾರ್ಕಿನಂತಹ ನಗರ 2020ರ ಸಾಂಕ್ರಾಮಿಕದ ಕಾಲದಲ್ಲಿ ಬೀದಿಗಳನ್ನೇ ಭೋಜನಶಾಲೆಗಳಿಗೆ ಬಿಟ್ಟುಕೊಟ್ಟಿತು. ಜಗತ್ತೆಲ್ಲ ಅಂಗಳಕ್ಕೆ ಬಂದು ಕೂರುತ್ತಿರುವಾಗ ಅಂಗಳದ ಲೆಕ್ಕವನ್ನು ಒಮ್ಮೆ ಸರಿಯಾಗಿ ಹಾಕಿಕೊಳ್ಳುವುದು ಒಳ್ಳೆಯದು.

ಅರ್ಜಿಯನ್ನು ಕೊಟ್ಟೆವು. ಗಡುವು ಸಿಕ್ಕಿತು, ಕೊನೆಯ ಕಂಡಿಕೆಗೆ ಉತ್ತರ ಇನ್ನೂ ಬರಬೇಕಾಗಿದೆ. ಯಜಮಾನರು ಉತ್ತರಕ್ಕೆ ಕಾಯಲಿಲ್ಲ. ಮನೆಯಲ್ಲಿ ಕುಳಿತು ತಾವೇ ಲೆಕ್ಕ ಹಾಕಿದರು. 80 ಆಸನಕ್ಕೆ ಬೇಕಾದ ನೀರು ತಮ್ಮಿಂದಾಗದು. 50ರ ಗೆರೆಯೊಳಗೆ ನಿಂತರೆ ದಿನಕ್ಕೆ 3,500 ಲೀಟರು ಹೇಗೋ ಸಾಗೀತು. ತಗಡನ್ನು ಕೀಳಿಸಿದರು, ಬೇವಿನ ಮರದ ಕೆಳಗೆ 10 ಕುರ್ಚಿಗಳನ್ನು ಮಾತ್ರ ಉಳಿಸಿಕೊಂಡರು. ಮಿಕ್ಕ 30ರ ಗಳಿಕೆ ಹೋದುದಕ್ಕೆ ಅವರಿಗೆ ವ್ಯಥೆಯಿಲ್ಲವೆಂದು ಹೇಳಿದರೆ ಸುಳ್ಳಾದೀತು. ಹಿಂದಿನದನ್ನು ಗಂಡಸರಿಗೆ ಬಿಟ್ಟು, ಪಕ್ಕದ ಓಣಿಯ ಕಡೆಗೆ ಬಾಗಿಲಿಟ್ಟು, ಹೆಂಗಸರಿಗೆಂದು ಎರಡು ಸಣ್ಣ ಕೋಣೆಗಳನ್ನು ಕಟ್ಟಿಸಿದರು. ಒಳಗೆ ನಲ್ಲಿ, ಬಕೆಟ್ಟು, ಒಂದು ದೀಪ, ಭದ್ರವಾದ ಚಿಲಕ.

ಹಲಗೆಯ ಮೇಲೆ ಏನು ಬರೆಸಲಿ ಎಂದು ಕೇಳಲು ಮತ್ತೆ ಬಂದರು. ನಾನು ಯೋಚಿಸಿ ‘ಮಹಿಳಾ ಶೌಚಗೃಹ’ ಎಂದು ಬರೆದುಕೊಟ್ಟೆ. ಮುಂದಿನ ವಾರ ಹೋಗಿ ನೋಡಿದರೆ ಹಲಗೆಯ ಮೇಲೆ ಬಾಣದ ಗುರುತು, ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ ‘ಹೆಣ್ಮಕ್ಕಳಿಗೆ’ ಎಂದಿತ್ತು. ನನ್ನ ಒಕ್ಕಣೆಯನ್ನು ಬಿಟ್ಟುದೇಕೆಂದು ಕೇಳಲಿಲ್ಲ. ಅವರದೇ ಸರಿಯಾಗಿತ್ತು.

ಈಚೆಗೆ ಕಾಲೇಜು ಬಿಡುವ ಹೊತ್ತಿಗೆ ಹಳ್ಳಿಯ ಬಸ್ಸನ್ನು ಕಾಯುವ ಹುಡುಗಿಯರು ಅಲ್ಲಿ ಒಂದೊಂದು ಪ್ಲೇಟು ಮಂಡಕ್ಕಿಗೆ ಕೂರುತ್ತಾರೆ. ಮೊನ್ನೆ ಸಂಜೆ ಯಜಮಾನರು ನನ್ನೊಡನೆ ಒಂದು ದೂರು ಹೇಳಿದರು.

“ಮೇಷ್ಟ್ರೇ, ಮೊದಲು ಕುಡಿಯೋ ನೀರಿನ ಒಂದು ಕೊಡ ಸಂಜೀತನಕ ಬರ್ತಿತ್ತು. ಈಗ ಈ ಹುಡುಗ್ಯಾರು ಬಂದ್ರ ಎರಡು ಕೊಡ ಖಾಲಿ ಮಾಡಿ ಹೋಗ್ತಾರ ನೋಡ್ರಿ.”

ಹೇಳಿ, ಮೂರನೆಯ ಕೊಡವನ್ನು ತುಂಬಿಸಿ ತರುವಂತೆ ಆಳಿಗೆ ಕೂಗಿದರು.